ಪಾರ್ಕಿನಲ್ಲಿ ನಮ್ಮೂರ ಡಿವಿಜಿ

ಬೆಂಗಳೂರಿನ ಬಸವನಗುಡಿಗೆ ಹೋದಾಗ ಬ್ಯೂಗಲ್ ರಾಕ್ ಪಾರ್ಕಿಗೆ ಒಂದು ಸಲ ಕಾಲಿಟ್ಟು ಬನ್ನಿ. ಅಲ್ಲಿ ನಮ್ಮೂರಿನವರೊಬ್ಬರ ಪ್ರತಿಮೆ ಇದೆ. ಡಿ.ವಿ. ಗುಂಡಪ್ಪನವರದು. ನಿಲ್ಲಿಸಿದ್ದು 2003ರಲ್ಲಿ. ಸುತ್ತ ಮರಗಳ ನೆರಳು, ಪುರಾತನ ಬಂಡೆ. ವಯಸ್ಸಾದವರು ನಡೀತಾರೆ, ಮಕ್ಕಳು ಓಡಾಡ್ತಾರೆ. ಯಾರಿಗೂ ಯಾರೂ ಅಡ್ಡಿಯಲ್ಲ.

ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17ರಂದು, ಇದೇ ಮುಳಬಾಗಿಲಿನಲ್ಲಿ. ಮೈಸೂರು, ಕೋಲಾರ ಸುತ್ತಿ ಓದಿದರೂ ಮೆಟ್ರಿಕ್ಯುಲೇಷನ್ ನಪಾಸು. ಹೊಟ್ಟೆಪಾಡಿಗೆ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆ ಸೇರಿದರು. ಆಮೇಲೆ ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಬಳಿಯುವ ಕಡೆ ಕೆಲಸ. ಕೊನೆಗೆ ಕೈಹಿಡಿದದ್ದು ಪತ್ರಿಕೆ. 1913ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಶುರುಮಾಡಿದರು. ಮೈಸೂರು ಸಂಸ್ಥಾನದ ಶಾಸನಸಭೆಯಲ್ಲೂ ಕೂತರು. 1943ರಲ್ಲಿ ಮಂಕುತಿಮ್ಮನ ಕಗ್ಗ ಬಂತು.

ಅವರು ನೆಲೆಯಾದ ಬಸವನಗುಡಿಯ ಕಥೆಯೂ ಕೇಳುವಂಥದ್ದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು. ಗಾಳಿ, ಬೆಳಕು ಬೇಕೆಂದು ಆಗ ಎದ್ದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ. ಬಯಲು ಬಿಡುವುದು ಶೋಕಿಗಲ್ಲ, ಜೀವಕ್ಕೆ ಎಂಬ ಪಾಠ ಅದು.

ಅಲ್ಲೇ ಬುಲ್ ಟೆಂಪಲ್ ರಸ್ತೆಯಲ್ಲಿದೆ ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಊರಿನ ಕೆಲಸ ಬರೀ ಸರ್ಕಾರದ್ದಲ್ಲ, ಪ್ರಜೆಯದ್ದೂ ಹೌದು ಅನ್ನೋದು ಅವರ ನಿಲುವು. ಹಿರಿಯರು, ಹುಡುಗರು ಒಟ್ಟಿಗೆ ಕೂತು ಓದಬೇಕು, ಮಾತಾಡಬೇಕು ಅಂತ ಅದನ್ನು ಬೆಳೆಸಿದರು. ತಮಗೆ ಸನ್ಮಾನವಾಗಿ ಬಂದ ದೊಡ್ಡ ನಿಧಿಯನ್ನೂ ಅದಕ್ಕೇ ಕೊಟ್ಟರು. 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ಕಣ್ಮುಚ್ಚಿದರು.

ಈಗ ನಮ್ಮೂರಿನ ಮಾತು. ಅಂಗಡಿ ಬಾಗಿಲು ಹಾಕಿದವರು, ಕಡೇ ಬಸ್ಸಿಳಿದವರು, ತಾತ, ಮೊಮ್ಮಗಳು ಎಲ್ಲರೂ ಒಂದೇ ಕಡೆ ಸೇರುವಂಥ ಹಸಿರು ಜಾಗ ವಾರ್ಡಿಗೊಂದು ಬೇಡವೆ? ದುಡ್ಡು ಬಹಳ ಬೇಕಿಲ್ಲ. ನಾಲ್ಕು ಹೊಂಗೆ ಮರ, ಎರಡು ಉಯ್ಯಾಲೆ, ಚೌಕಾಬಾರ ಆಡಲು ಒಂದು ಕಲ್ಲುಹಾಸು, ಕಬಡ್ಡಿಗೆ ಹದವಾದ ಮಣ್ಣು. ನಗರಸಭೆ ಜಾಗ ಗುರುತಿಸಲಿ, ಬೇಲಿ ಹಾಕಲಿ. ಬೇಸಗೆಯಲ್ಲಿ ಗಿಡಕ್ಕೆ ನೀರು ಹೊಯ್ಯೋದು ಬೀದಿಯವರೇ ವಹಿಸಿಕೊಳ್ಳಲಿ.

ಡಿವಿಜಿ ಹೆಸರು ಹೇಳಿ ಹೆಮ್ಮೆಪಡೋದು ಸುಲಭ. ಅವರ ಪ್ರತಿಮೆಗೆ ಬೆಂಗಳೂರಿನಲ್ಲಿ ಸಿಕ್ಕ ನೆರಳು ಅವರೂರಿನ ಮಕ್ಕಳಿಗೂ ಸಿಗಲಿ.