ವ್ಯಾಪಾರಿ ಹೆಸರಿನ ನಕಾಶೆಗಾರ

ಶಾಲೆಯಲ್ಲಿ ನಾವೆಲ್ಲ ಬಗಲಲ್ಲಿಟ್ಟುಕೊಂಡು ತಿರುಗಿದ ನಕಾಶೆಯ ಪುಸ್ತಕಕ್ಕೆ ಅಟ್ಲಾಸ್ ಅಂತ ಹೆಸರಿಟ್ಟವನು ಗೆರಾರ್ಡಸ್ ಮರ್ಕೇಟರ್. ವಾಣಿಜ್ಯ ಓದುವ ನನ್ನನ್ನು ಮೊದಲು ಸೆಳೆದದ್ದು ಅವನ ಹೆಸರೇ. ಮನೆತನದ ಹೆಸರು ಕ್ರೇಮರ್, ಅಂದರೆ ವ್ಯಾಪಾರಿ. ಓದು ಕಲಿತವರು ತಮ್ಮ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಕ್ರೇಮರ್ ಹೋಗಿ ಮರ್ಕೇಟರ್ ಆಯಿತು. ಅರ್ಥ ಮಾತ್ರ ಅದೇ ಉಳಿಯಿತು.

ಹುಟ್ಟಿದ್ದು 1512ರ ಮಾರ್ಚ್ 5ರಂದು, ಈಗ ಬೆಲ್ಜಿಯಂನಲ್ಲಿರುವ ರುಪೆಲ್‌ಮಾಂಡೆ ಎಂಬ ಸಣ್ಣ ಊರಿನಲ್ಲಿ. ತಂದೆ ಜೋಡು ಹೊಲಿದು ಸಂಸಾರ ಸಾಗಿಸುತ್ತಿದ್ದವನು. ಪಾದ್ರಿಯಾಗಿದ್ದ ಒಬ್ಬ ಬಂಧು ಕೈಹಿಡಿದು ಓದಿಸಿದ್ದರಿಂದ ಹುಡುಗ 1530ರಲ್ಲಿ ಲೂವೆನ್ ವಿಶ್ವವಿದ್ಯಾಲಯ ಸೇರಿದ. ಪದವಿಯೇನೋ ಬಂತು, ಜೊತೆಗೆ ಸಂಶಯವೂ ಬಂತು. ಲೋಕದ ಹುಟ್ಟಿನ ಬಗ್ಗೆ ಅರಿಸ್ಟಾಟಲ್ ಹೇಳಿದ್ದಕ್ಕೂ ಬೈಬಲ್ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಆ ಕಾಲದಲ್ಲಿ ಇಂಥದ್ದನ್ನು ಬಾಯಿಬಿಟ್ಟು ಕೇಳೋದು ಅಪಾಯ. ಕೆಲಕಾಲ ಊರು ಬಿಟ್ಟು ಆಂಟ್‌ವರ್ಪ್‌ನಲ್ಲಿದ್ದು, ಮರಳಿ ಬಂದು ಗೆಮ್ಮಾ ಫ್ರಿಸಿಯಸ್ ಎಂಬ ಪಂಡಿತನಲ್ಲಿ ಗಣಿತ ಕಲಿತ. ತಾಮ್ರದ ತಗಡಿನ ಮೇಲೆ ನಕಾಶೆ ಕೊರೆಯುವ ಕೆಲಸವನ್ನೂ ಕಲಿತ. ಅಚ್ಚಿನಲ್ಲಿ ಸರಿಯಾಗಿ ಬರಬೇಕಾದರೆ ಪ್ರತಿ ಅಕ್ಷರವನ್ನೂ ತಗಡಿನಲ್ಲಿ ತಿರುವುಮುರುವಾಗಿ ಕೊರೆಯಬೇಕು. ಅದರಲ್ಲಿ ಇವನ ಕೈ ಎಷ್ಟು ಪಳಗಿತ್ತೆಂದರೆ, 1540ರಲ್ಲಿ ಅಕ್ಷರ ಬರೆಯುವ ಕ್ರಮದ ಬಗ್ಗೆಯೇ ಒಂದು ಪುಸ್ತಕ ತಂದ. 1541ರಲ್ಲಿ ಭೂಗೋಳ ಮಾಡಿದ.

1544ರಲ್ಲಿ ಸಿಡಿಲು ಬಡಿಯಿತು. ಧರ್ಮದ್ರೋಹಿಗಳೆಂದು ಹಿಡಿಯಬೇಕಾದ ನಲವತ್ತಕ್ಕೂ ಹೆಚ್ಚು ಜನರ ಪಟ್ಟಿಯಲ್ಲಿ ಇವನ ಹೆಸರೂ ಇತ್ತು. ಹುಟ್ಟಿದೂರಿನ ಕೋಟೆಯಲ್ಲೇ ಸುಮಾರು ಏಳು ತಿಂಗಳು ಸೆರೆ. ಮನೆಯಲ್ಲಿ ಹೆಂಡತಿ, ಸಣ್ಣ ಸಣ್ಣ ಮಕ್ಕಳು. ಆ ಪಟ್ಟಿಯಲ್ಲಿದ್ದ ಕೆಲವರಿಗೆ ಮರಣದಂಡನೆಯೂ ಆಯಿತು. ವಿಶ್ವವಿದ್ಯಾಲಯದವರು ಇವನ ಪರ ನಿಂತರು, ಆರೋಪಕ್ಕೆ ಆಧಾರ ಸಿಗಲಿಲ್ಲ, ಬಿಟ್ಟರು. ಆ ಏಳು ತಿಂಗಳ ಬಗ್ಗೆ ಆತ ಹೆಚ್ಚೇನೂ ಬರೆದಿಡಲಿಲ್ಲ. 1552ರಲ್ಲಿ ಸಂಸಾರ ಕಟ್ಟಿಕೊಂಡು ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಹೊರಟುಹೋದ. ಅವನ ದೊಡ್ಡ ಕೆಲಸ ಆದದ್ದು ಅಲ್ಲಿಯೇ.

ಆ ಕೆಲಸ ಏನು? ಭೂಮಿ ಗುಂಡು, ಕಾಗದ ಚಪ್ಪಟೆ. ನಾವಿಕ ದಿಕ್ಸೂಚಿ ನೋಡಿಕೊಂಡು ಒಂದೇ ದಿಕ್ಕಿಗೆ ಹಡಗು ನಡೆಸಿದರೂ ಗೋಳದ ಮೇಲೆ ಆ ದಾರಿ ಸುರುಳಿಯಾಗಿ ಸಾಗುತ್ತದೆ. ಇದನ್ನು ಕಾಗದದ ಮೇಲೆ ನೇರ ಗೆರೆ ಮಾಡೋದು ಹೇಗೆ? ಮರ್ಕೇಟರ್ ಧ್ರುವದಲ್ಲಿ ಕೂಡಬೇಕಾದ ರೇಖಾಂಶಗಳನ್ನು ಕೂಡಗೊಡದೆ ಸಮಾನಾಂತರವಾಗಿ ನಿಲ್ಲಿಸಿದ. ಇದರಿಂದ ನೆಲ ಪೂರ್ವ ಪಶ್ಚಿಮವಾಗಿ ಹಿಗ್ಗಿತು. ಎಷ್ಟು ಹಿಗ್ಗಿತೋ ಅಷ್ಟೇ ಉತ್ತರ ದಕ್ಷಿಣವಾಗಿಯೂ ಹಿಗ್ಗಿಸಿದ. ನಮ್ಮ ಲೆಕ್ಕಪತ್ರದಲ್ಲಿ ಜಮಾ ಖರ್ಚು ಎರಡೂ ಕಡೆ ಸರಿತೂಗಿಸುತ್ತೇವಲ್ಲ, ಹಾಗೆ. ಕೋನ ಕೆಡಲಿಲ್ಲ, ದಿಕ್ಕು ಉಳಿಯಿತು. 1569ರಲ್ಲಿ 18 ಹಾಳೆಗಳಲ್ಲಿ ಅಚ್ಚಾದ ಈ ನಕಾಶೆ, ಜೋಡಿಸಿದರೆ ಎರಡು ಮೀಟರಿಗೂ ಹೆಚ್ಚು ಅಗಲ.

ಖರ್ಚಿನ ಬಾಬ್ತಿಗೆ ಬಿದ್ದದ್ದು ವಿಸ್ತೀರ್ಣ. 60 ಡಿಗ್ರಿ ಅಕ್ಷಾಂಶಕ್ಕೆ ಬರುವ ಹೊತ್ತಿಗೆ ಉದ್ದ ಅಗಲ ಎರಡೂ ಇಮ್ಮಡಿ, ಅಂದರೆ ವಿಸ್ತೀರ್ಣ ನಾಲ್ಕು ಪಟ್ಟು. ಭಾರತ ಸುಮಾರು 32.87 ಲಕ್ಷ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ 21.66 ಲಕ್ಷ. ಆದರೂ ಈ ನಕಾಶೆಯಲ್ಲಿ ಗ್ರೀನ್‌ಲ್ಯಾಂಡಿನ ಮುಂದೆ ಭಾರತ ಪುಟ್ಟ ತುಂಡು. ಗ್ರೀನ್‌ಲ್ಯಾಂಡಿನ 14 ಪಟ್ಟು ಇರುವ ಆಫ್ರಿಕಾ ಅದಕ್ಕೆ ಸಮಸಮವಾಗಿ ಕಾಣುತ್ತದೆ.

ಇದನ್ನೇ ಹಿಡಿದು, ಯೂರೋಪಿನವರನ್ನು ದೊಡ್ಡವರಾಗಿಯೂ ಬಡ ದೇಶಗಳನ್ನು ಚಿಕ್ಕದಾಗಿಯೂ ತೋರಿಸುವ ನಕಾಶೆ ಇದು ಎಂದು 1973ರಲ್ಲಿ ಜರ್ಮನಿಯ ಆರ್ನೋ ಪೀಟರ್ಸ್ ತಗಾದೆ ಎತ್ತಿದ, ಬೇರೊಂದು ನಕಾಶೆಯನ್ನೂ ಮುಂದಿಟ್ಟ. ಸಿಟ್ಟು ನ್ಯಾಯವಾದದ್ದೇ. ಗೋಡೆಯ ಮೇಲೆ ದಿನಾ ನೋಡಿದ್ದೇ ಮಗುವಿನ ತಲೆಯಲ್ಲಿ ಕೂರುತ್ತದೆ, ಯಾವ ದೇಶ ದೊಡ್ಡದು ಅನ್ನೋದನ್ನು ಅಲ್ಲಿಂದಲೇ ಕಲಿಯುತ್ತದೆ. ಆದರೆ ಮರ್ಕೇಟರನನ್ನು ಕಟಕಟೆಗೆ ಏರಿಸಲು ನನ್ನ ಮನಸ್ಸು ಒಪ್ಪೋದಿಲ್ಲ. ಇದು ನಾವಿಕರ ಉಪಯೋಗಕ್ಕೆ ಅಂತ ಆತ ನಕಾಶೆಯ ಶೀರ್ಷಿಕೆಯಲ್ಲೇ ಹೇಳಿದ್ದ. ಹಡಗಿನಲ್ಲಿರಬೇಕಾದದ್ದನ್ನು ಶಾಲೆಯ ಗೋಡೆಗೆ ಮೊಳೆ ಹೊಡೆದವರು ಬೇರೆಯವರು.

ನಾವಿಕರಾದರೂ ಅದನ್ನು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. ಅದರ ಹಿಂದಿನ ಗಣಿತವನ್ನು ಇಂಗ್ಲೆಂಡಿನ ಎಡ್ವರ್ಡ್ ರೈಟ್ ಕೋಷ್ಟಕ ಮಾಡಿ ಪ್ರಕಟಿಸಿದ್ದು 1599ರಲ್ಲಿ. ಅದನ್ನು ನೋಡಲು ಮರ್ಕೇಟರ್ ಇರಲಿಲ್ಲ. 1586ರಲ್ಲಿ ಹೆಂಡತಿ, ಮರುವರ್ಷ ಹಿರಿಮಗ ತೀರಿಕೊಂಡರು. 1590ರಲ್ಲಿ ಪಾರ್ಶ್ವವಾಯು ಬಡಿಯಿತು. 1594ರ ಡಿಸೆಂಬರ್ 2ರಂದು, 82ನೆಯ ವಯಸ್ಸಿನಲ್ಲಿ ಆತ ಕಣ್ಮುಚ್ಚಿದ. ಸೃಷ್ಟಿಯ ಕಥೆಯನ್ನೂ ಭೂಮಿಯ ನಕಾಶೆಯನ್ನೂ ಒಂದೇ ಗ್ರಂಥದಲ್ಲಿ ತರಬೇಕೆಂಬ ಅವನ ಹಂಬಲ ಪೂರ್ತಿಯಾಗಲಿಲ್ಲ. ಆದಷ್ಟನ್ನು ಮಗ ರುಮೊಲ್ಡ್ 1595ರಲ್ಲಿ ಅಚ್ಚು ಹಾಕಿಸಿದ. ಅದೇ ಅಟ್ಲಾಸ್.

ಗೆಳೆಯರೇ, ಬಿಡುವಾದಾಗ ಒಂದು ಭೂಗೋಳ ಹುಡುಕಿ, ದಾರ ಹಿಡಿದು ಭಾರತವನ್ನೂ ಗ್ರೀನ್‌ಲ್ಯಾಂಡನ್ನೂ ಅಳೆದು ನೋಡಿ. ಆಮೇಲೆ ಗೋಡೆಯ ನಕಾಶೆ ನೋಡಿ. ಯಾವುದನ್ನು ಉಳಿಸಲು ಆತ ಯಾವುದನ್ನು ಬಿಟ್ಟುಕೊಟ್ಟ ಅನ್ನೋದು ನಿಮಗೇ ಗೊತ್ತಾಗುತ್ತದೆ.