ವಿಶ್ವೇಶ್ವರಯ್ಯನವರೂ ಮುಳುಗಿದ ಕನ್ನಂಬಾಡಿಯೂ



ಸೆಪ್ಟೆಂಬರ್ 15 ಬಂತು ಅಂದ್ರೆ ನಾವೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇವೆ. ಮೇಣದಬತ್ತಿಯ ಕತೆ ನಿಮಗೆಲ್ಲ ಗೊತ್ತು, ಅದನ್ನು ನಾನು ಮತ್ತೆ ಬರೆಯೋದಿಲ್ಲ. ಅವರು ಕಾವೇರಿಗೆ ಕಟ್ಟಿಸಿದ ಕಟ್ಟೆಯ ವಿಷಯ ಬರೆಯುತ್ತೇನೆ.

ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಟ್ಟು ಓದಿದರು. 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1903ರಲ್ಲಿ ಖಡಕ್‌ವಾಸ್ಲಾ ಕಟ್ಟೆಗೆ ಅವರು ಹಾಕಿಸಿದ ಬಾಗಿಲುಗಳು ನೀರು ಏರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. 1912ರಲ್ಲಿ ದಿವಾನರಾದರು.

ಆಗ ಕಾವೇರಿ ಮಳೆಗಾಲದಲ್ಲಿ ಉಕ್ಕಿ ಹರಿದು ಬೇಸಿಗೆಯಲ್ಲಿ ಸೊರಗುತ್ತಿದ್ದಳು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಿಂದ ಕರೆಂಟು ಹೋಗುತ್ತಿತ್ತು, ಅದಕ್ಕೆ ವರ್ಷವೆಲ್ಲ ನೀರು ಬೇಕು. ಮಂಡ್ಯದ ಕಡೆಯ ಹೊಲಗಳು ಮಳೆಯನ್ನೇ ನಂಬಿದ್ದವು. 1911ರಲ್ಲಿ ಕನ್ನಂಬಾಡಿಯ ಹತ್ತಿರ ಕೆಲಸ ಶುರುವಾಯಿತು. ಮದ್ರಾಸಿನವರು 80 ಅಡಿಗೆ ಮಾತ್ರ ಒಪ್ಪಿದ್ದರು. ಇವರು 124 ಅಡಿಗೆ ಸಾಕಾಗುವಷ್ಟು ಅಗಲದ ಅಡಿಪಾಯ ಹಾಕಿಸಿಬಿಟ್ಟರು! ಜಾಣತನವೋ ಹಟವೋ, ನನಗಂತೂ ಎರಡೂ ಅನ್ನಿಸುತ್ತದೆ. ಜಗಳ ಬೆಳೆದು 1924ರಲ್ಲಿ ಒಪ್ಪಂದ ಆಯಿತು. ಅಷ್ಟರಲ್ಲಿ ಅವರು ದಿವಾನಗಿರಿ ಬಿಟ್ಟು ಐದು ವರ್ಷದ ಮೇಲಾಗಿತ್ತು. ಕಟ್ಟೆ ಮುಗಿದದ್ದು 1931ರಲ್ಲಿ. ಗೋಡೆಗೆ ಸಿಮೆಂಟಿಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆ.

ನಾಲೆ ಬಂದ ಮೇಲೆ ಮಂಡ್ಯದಲ್ಲಿ ಭತ್ತ, ಕಬ್ಬು ಬೆಳೆದವು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆದರೆ ನಾಲೆಯ ನೀರು ಜಿನುಗಿ ನಿಂತ ಕಡೆ ಸೊಳ್ಳೆ ಹೆಚ್ಚಿ, ಮಲೇರಿಯಾ ಜ್ವರ ಜನರನ್ನು ಹಿಂಡಿತು. ನೀರು ಬಸಿದು ಹೋಗದ ಗದ್ದೆಗಳು ಚೌಳಾದವು. ಕಟ್ಟೆಯ ಹಿಂದೆ ಕನ್ನಂಬಾಡಿ ಊರೇ ಮುಳುಗಿತು, ಅದರ ಜೊತೆ ಬೇರೆ ಹಳ್ಳಿಗಳೂ ಮುಳುಗಿದವು. ಆ ಜನ ಹೊಲ, ಮನೆ, ಬಾವಿ, ದೇವರ ಗುಡಿ ಎಲ್ಲ ಬಿಟ್ಟು ಬೇರೆ ಕಡೆ ಹೋಗಿ ಊರು ಕಟ್ಟಿಕೊಳ್ಳಬೇಕಾಯಿತು. ಅವರಲ್ಲಿ ಒಬ್ಬರ ಹೆಸರೂ ನಮ್ಮ ಪಾಠದಲ್ಲಿಲ್ಲ. ವಿಶ್ವೇಶ್ವರಯ್ಯನವರು ದೊಡ್ಡವರೇ, 1955ರಲ್ಲಿ ಭಾರತರತ್ನ ಬಂತು, ನೂರು ವರ್ಷ ಬಾಳಿ 1962ರಲ್ಲಿ ತೀರಿಕೊಂಡರು. ಆದರೂ ಆ ಊರಿನವರನ್ನು ಬಿಟ್ಟು ಈ ಕತೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಬರಗಾಲದಲ್ಲಿ ನೀರು ತೀರಾ ಇಳಿದಾಗ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣುತ್ತಿತ್ತಂತೆ. ಈಗ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಕೆಳಗೆ ಸ್ವಲ್ಪ ಜಾಗ ಉಳಿದಿತ್ತು, ಅವರ ಮೈಸೂರು ಪೇಟದ ಪಕ್ಕದಲ್ಲೇ ಆ ಗುಡಿಯನ್ನೂ ಬರೆದಿದ್ದೇನೆ.