ಮಾರ್ಕ್ವೀ ಕ್ಲಬ್ಬಿನಲ್ಲಿ ಹಾಡಿದ ಪಂಚಗಣಿಯ ವಿದ್ಯಾರ್ಥಿ

1973ರ ಏಪ್ರಿಲ್ 9ರಂದು ಲಂಡನ್ನಿನ ಮಾರ್ಕ್ವೀ ಕ್ಲಬ್ಬಿನಲ್ಲಿ ಇಎಂಐ ಧ್ವನಿಮುದ್ರಣ ಸಂಸ್ಥೆಯು ತಾನು ಆಗಷ್ಟೇ ಒಪ್ಪಂದ ಮಾಡಿಕೊಂಡಿದ್ದ ಕ್ವೀನ್ ಎಂಬ ರಾಕ್ ತಂಡದ ಪರಿಚಯ ಕಛೇರಿಯನ್ನು ಏರ್ಪಡಿಸಿತ್ತು. ಚಿಕ್ಕ ಸಭಾಂಗಣ, ಗಾಯಕರ ಬೆವರು ಕಾಣುವಷ್ಟು ಸಮೀಪದಲ್ಲಿ ಕೇಳುಗರು. ಮುಂದೆ ನಿಂತು ಹಾಡಿದವರು ಇಪ್ಪತ್ತಾರು ವಯಸ್ಸಿನ ಫ್ರೆಡ್ಡಿ ಮರ್ಕ್ಯುರಿ. ಆ ಹೆಸರು ಹೆತ್ತವರು ಇಟ್ಟದ್ದಲ್ಲ.

1946ರ ಸೆಪ್ಟೆಂಬರ್ 5ರಂದು ಜಂಜಿಬಾರ್ ದ್ವೀಪದ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಅವರ ಹೆಸರು ಫರ್ರೋಖ್ ಬುಲ್ಸಾರಾ. ಮನೆತನದ ಮೂಲ ಗುಜರಾತ್. ತಂದೆ ಬ್ರಿಟಿಷರ ನ್ಯಾಯಾಲಯದಲ್ಲಿ ಕ್ಯಾಷಿಯರ್. ಮಗನಿಗೆ ಎಂಟು ವರ್ಷವಾಗುವ ಹೊತ್ತಿಗೆ ಸಾತಾರಾ ಜಿಲ್ಲೆಯ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿಶಾಲೆಗೆ ಕಳುಹಿಸಿದರು. ಸಮುದ್ರ ದಾಟಿಸಿ ಮಗುವನ್ನು ಓದಲು ಬಿಟ್ಟ ಆ ತಾಯಿಯ ಸಂಕಟವನ್ನು, ಮೈಲಿಗಟ್ಟಲೆ ದೂರದ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ನಾವು ಸ್ವಲ್ಪಮಟ್ಟಿಗಾದರೂ ಬಲ್ಲೆವು. ಪಿಯಾನೋ ಅಭ್ಯಾಸ ಬೆಳೆದದ್ದು ಅಲ್ಲಿಯೇ. ಸಹಪಾಠಿಗಳೊಡನೆ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿದ್ದೂ ಅಲ್ಲಿಯೇ. ಗೆಳೆಯರ ಬಾಯಲ್ಲಿ ಫರ್ರೋಖ್ ಫ್ರೆಡ್ಡಿಯಾದರು.

1964ರ ಜಂಜಿಬಾರ್ ಕ್ರಾಂತಿಯಿಂದ ಕುಟುಂಬವು ಇಂಗ್ಲೆಂಡಿಗೆ ವಲಸೆ ಹೋಯಿತು. ಈಲಿಂಗ್ ಕಲಾಶಾಲೆಯಲ್ಲಿ ಕಲಿತ ಫ್ರೆಡ್ಡಿ 1970ರಲ್ಲಿ ಬ್ರಯನ್ ಮೇ, ರೋಜರ್ ಟೇಲರ್ ಅವರನ್ನು ಸೇರಿ ತಂಡಕ್ಕೆ ಕ್ವೀನ್ ಎಂದು ಹೆಸರಿಟ್ಟರು, ಅದರ ಲಾಂಛನವನ್ನು ತಾವೇ ಬರೆದರು. ಮರುವರ್ಷ ಜಾನ್ ಡೀಕನ್ ಬಂದರು. ಮೊದಲ ಆಲ್ಬಮ್ಮಿನ ಮುದ್ರಣವಾದದ್ದು ಟ್ರೈಡೆಂಟ್ ಸ್ಟುಡಿಯೋ ಬೇರೆಯವರಿಗೆ ಬೇಡವಾದ ಹೊತ್ತಿನಲ್ಲಿ, ಬಹುಪಾಲು ರಾತ್ರಿ.

ಬುಲ್ಸಾರಾ ಎಂಬುದು ಮರ್ಕ್ಯುರಿಯಾದದ್ದೂ ಆ ದಿನಗಳಲ್ಲಿಯೇ. ತಮ್ಮ ಹಿನ್ನೆಲೆಯನ್ನು ಅವರು ಸಾರ್ವಜನಿಕವಾಗಿ ಹೇಳಿಕೊಂಡದ್ದು ವಿರಳ. ಏಷ್ಯದ ವಲಸಿಗರನ್ನು ಹೀಯಾಳಿಸುತ್ತಿದ್ದ ಅಂದಿನ ಲಂಡನ್ನಿನಲ್ಲಿ ಹಾಗೆ ನಡೆದುಕೊಂಡವರನ್ನು ನಾವು ದೂರಲಾರೆವು. ಆದರೂ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಬೇರೊಂದು ಭಾಷೆಯ ಉಚ್ಚಾರಕ್ಕೆ ಬಾಗುವುದನ್ನು ಕಂಡಿರುವ ನಮಗೆ ಈ ಸಂಗತಿ ಚುಚ್ಚುತ್ತದೆ.

ಮಾರ್ಕ್ವೀ ಕಛೇರಿಯಿಂದ ಕೂಡಲೇ ಅದೃಷ್ಟವೇನೂ ತೆರೆಯಲಿಲ್ಲ. ಜುಲೈಯಲ್ಲಿ ಹೊರಬಂದ ಮೊದಲ ಹಾಡು ಜನಪ್ರಿಯತೆಯ ಪಟ್ಟಿಯನ್ನೇ ಸೇರಲಿಲ್ಲ. 1975ರಲ್ಲಿ ಅವರು ರಚಿಸಿದ, ಸುಮಾರು ಆರು ನಿಮಿಷಗಳ ಬೊಹಿಮಿಯನ್ ರಾಪ್ಸೊಡಿ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. 1985ರ ಜುಲೈ 13ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನ ಅವರೊಡನೆ ಚಪ್ಪಾಳೆ ತಟ್ಟಿದರು.

ತಮಗೆ ಏಡ್ಸ್ ಇದೆಯೆಂದು 1991ರ ನವೆಂಬರ್ 23ರಂದು ಪ್ರಕಟಿಸಿದ ಮರ್ಕ್ಯುರಿ ಮರುದಿನವೇ ತೀರಿಕೊಂಡರು. ಆಗ ವಯಸ್ಸು 45. ಲಂಡನ್ನಿನಲ್ಲಿ ಅವರ ಅಂತ್ಯಕ್ರಿಯೆಯನ್ನು ಪಾರ್ಸಿ ಪುರೋಹಿತರು ಜರತುಷ್ಟ್ರ ಧರ್ಮದ ವಿಧಿಯಂತೆ ನೆರವೇರಿಸಿದರು.